ಬೇಡಿ ತಂದ ಕೌದಿ

೧೪ ಸೆಪ್ಟೆಂಬರ್ ೧೯೯೭, ಭಾನುವಾರ

ಇಂದಿನಿಂದ ನಮ್ಮ ಮನೆಯಲ್ಲಿ ಹೊಸ ವ್ಯವಸ್ಥೆ ಜಾರಿಗೆ ಬಂದಿದೆ. ಬದಲಾವಣೆಯ ಮೊದಲ ದಿನಗಳನ್ನು ಯಾರಾದರೂ ದಾಖಲಿಸಬೇಕು. ಬೇರೆ ಯಾರೂ ಮಾಡುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಿನ್ನೆ ಅಣ್ಣ ಶಿವರಾಜ್ ಅತ್ತಿಗೆಯನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದ. ಹೆರಿಗೆಯಾಗುವವರೆಗೂ ಅತ್ತಿಗೆ ಮಂಚ ಬಿಟ್ಟು ಇಳಿಯುವಂತಿಲ್ಲವಂತೆ. ಬಚ್ಚಲಿಗೆ ಹೋಗಿ ಬರಬಹುದು, ಅಷ್ಟೆ. ಹಿಂದೆ ಎರಡು ಸಲ ನಿಂತ ಬಸಿರು ಐದನೇ ತಿಂಗಳಲ್ಲೇ ಹೋಗಿತ್ತು. ಈಗ ಮತ್ತೆ ಐದನೇ ತಿಂಗಳು. ಅತ್ತಿಗೆ ಮಲಗಿದವರೇ ಮಾಡು ನೋಡುತ್ತ, "ಜನವರಿ ಹೊತ್ತಿಗೆ ಈ ಹಂಚೆಲ್ಲ ಬಾಯಿಪಾಠ ಆಗುತ್ತೆ ಬಿಡು" ಎಂದು ನಕ್ಕರು. ಅಣ್ಣ ನಗಲಿಲ್ಲ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅತ್ತಿಗೆಗೂ ತಾಯಿಯಿಲ್ಲ. ಅಪ್ಪ ಕಾರ್ಖಾನೆಯಿಂದ ನಿವೃತ್ತರಾಗಿ ಈಗ ಹಿತ್ತಲಿನ ಗಿಡಗಳಿಗೆ ಮೇಸ್ತ್ರಿ. ಅಣ್ಣನಿಗೆ ಅಲ್ಲೇ ಪಾಳಿ ಕೆಲಸ. ಹಾಗಾದರೆ ಮನೆ ನಡೆಸುವವರು ಯಾರು? ಊಟಕ್ಕೆ ಕುಳಿತಾಗ ನಾನು ಎದ್ದು ನಿಂತು ಹೇಳಿದೆ: ಮನೆಗೆಲಸವೆಂಬುದು ಹೆಣ್ಣಿನ ಮೇಲೆ ಹೇರಿದ ಕೂಲಿಯಿಲ್ಲದ ದುಡಿಮೆ. ಇನ್ನು ಮುಂದೆ ಅಡುಗೆ, ಕಸ, ಪಾತ್ರೆ ಎಲ್ಲವೂ ನನ್ನ ಹೊಣೆ. ಇದು ಉಪಕಾರವಲ್ಲ, ಚರಿತ್ರೆಯ ಸಾಲ ತೀರಿಸುವುದು.

"ಮೊದ್ಲು ನಿನ್ನ ಹಾಸಿಗೆ ಮಡಚು ಮಾರಾಯ. ಚರಿತ್ರೆ ಆಮೇಲೆ ನೋಡನ" ಎಂದ ಅಣ್ಣ.

ಪ್ರತಿ ಚಳವಳಿಯೂ ಮೊದಲು ಇಂಥ ಲೇವಡಿಯನ್ನು ಎದುರಿಸಿದೆ.

೧೭ ಸೆಪ್ಟೆಂಬರ್

ಅನ್ನ ಸೀದಿತು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಅತ್ತಿಗೆ ಮಲಗಿದ ಕೋಣೆಯಿಂದಲೇ, "ಯೋಗೀ, ಬೇಳೆ ಬೇಯೋಕೆ ಮುಂಚೆ ಹುಣಿಸೆಹಣ್ಣು ಹಾಕಿದ್ಯಾ?" ಎಂದು ಕೂಗಿದರು. ವಾಸನೆಯಿಂದಲೇ ಗೊತ್ತಾಗುತ್ತದಂತೆ. ಅಡುಗೆಮನೆಯನ್ನು ಕಾರ್ಖಾನೆಗೆ ಹೋಲಿಸಿದ ಕಿರುಹೊತ್ತಗೆ ನನ್ನಲ್ಲಿದೆ. ಅದನ್ನು ಬರೆದವರು ಹುಣಿಸೆಹಣ್ಣಿನ ವಿಚಾರ ಎತ್ತಿಯೇ ಇಲ್ಲ.

೨೧ ಸೆಪ್ಟೆಂಬರ್, ಭಾನುವಾರ

ಅತ್ತಿಗೆಯ ಅಜ್ಜಿ ಮಹಾಂತಮ್ಮ ವಿದ್ಯಾನಗರದಿಂದ ಒಂದು ಟ್ರಂಕು, ಒಂದು ಒನಕೆ, ಎರಡು ಡಬ್ಬಿ ಉಪ್ಪಿನಕಾಯಿಯೊಂದಿಗೆ ಬಂದಿಳಿದರು. ಹೆರಿಗೆಯಾಗುವವರೆಗೂ ಇಲ್ಲೇ ಇರುತ್ತಾರಂತೆ. ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. ನನ್ನ ಸಾರಿನ ರುಚಿ ನೋಡಿ, "ಇದನ್ನ ಬಸುರಿಗೆ ಕೊಡ್ತಿದೀರಾ? ಅವಳು ಏನು ತಪ್ಪು ಮಾಡಿದಾಳಪ್ಪ?" ಎಂದರು.

ಮಧ್ಯಾಹ್ನ ನಿಜವಾದ ವಾಗ್ವಾದ ನಡೆಯಿತು. ಉಳಿಯದ ಬಸಿರು ಉಳಿಯಬೇಕಾದರೆ ಕೂಸಿನ ಮೊದಲ ಕೌದಿಯನ್ನು ಬೇಡಿ ತಂದ ಬಟ್ಟೆಯಲ್ಲೇ ಹೊಲಿಯಬೇಕಂತೆ. ಕೂಸಿನ ಮನೆಯವರೇ ಯಾರಾದರೂ ಬೀದಿಯ ಮನೆಗಳಿಗೆ ಹೋಗಿ, ಟವೆಲ್ ಒಡ್ಡಿ, ಹಳೇ ಸೀರೆಯೋ ಪಂಚೆಯೋ ಬೇಡಿ ತರಬೇಕು.

"ಯಾಕಜ್ಜಿ? ಬಟ್ಟೆಗೂ ಬಸಿರಿಗೂ ಏನು ಸಂಬಂಧ? ಕಾರ್ಯಕಾರಣ ಹೇಳಿ" ಎಂದೆ.

"ಕೂಸು ನಮ್ಮೊಂದೇ ಮನೇದು ಅಂತಾದ್ರೆ ಯಮ ಸುಲಭಕ್ಕೆ ಎತ್ಕೊಂಡು ಹೋಗ್ತಾನೆ. ಹತ್ತು ಮನೆ ಬಟ್ಟೆ ಮೇಲೆ ಮಲಗಿದ್ರೆ ಅದು ಹತ್ತು ಮನೆ ಕೂಸು. ಹತ್ತು ಬಾಗಿಲು ತಟ್ಟಿ ಕೇಳಕ್ಕೆ ಅವನಿಗೂ ಪುರುಸೊತ್ತಿರಲ್ಲ ಕಣೋ."

ನಮ್ಮ ಎಚ್ಚರ ಯುವ ವೇದಿಕೆಯ ಸ್ಥಾಪಕ ನಾನು. ನಾನು ಮತ್ತು ಗೆಳೆಯ ಮಧು ಸೇರಿ ಕಟ್ಟಿದ ವೇದಿಕೆ ಅದು. ನಾವೇ ಅಚ್ಚು ಹಾಕಿಸಿದ 'ಮೌಢ್ಯದ ಬೇಲಿ ದಾಟಿ' ಎಂಬ ಕರಪತ್ರದ ಕಟ್ಟುಗಳು ನನ್ನ ಮಂಚದ ಕೆಳಗಿವೆ. ಅಂಥ ಮನೆಯಲ್ಲೇ ಯಮನ ಪುರುಸೊತ್ತಿನ ಚರ್ಚೆ! ನಾನು ಖಡಾಖಂಡಿತ ವಿರೋಧಿಸಿದೆ. ಅಪ್ಪನೂ, "ಈ ಏಕಾಂತಪ್ಪನ ಮನೆಯೋರು ಕೊಟ್ಟು ಗೊತ್ತು, ಬೇಡಿ ಗೊತ್ತಿಲ್ಲ" ಎಂದರು. ಅವರದು ಪ್ರತಿಷ್ಠೆ, ನನ್ನದು ತತ್ವ. ಆದರೂ ಮತ ಒಂದೇ ಪೆಟ್ಟಿಗೆಗೆ ಬಿತ್ತು.

೨೮ ಸೆಪ್ಟೆಂಬರ್

ಸಹಜ ಕೃಷಿಯ ಪುಸ್ತಿಕೆಯಲ್ಲಿದ್ದಂತೆ ಬೇವಿನ ಕಷಾಯ ಮಾಡಿ ಅಪ್ಪನ ಮೆಣಸಿನ ಸಸಿಗಳಿಗೆ ಹೊಡೆದಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳೆಲ್ಲ ಸುಟ್ಟು ಮುರುಟಿವೆ. ನೀರು ಬೆರೆಸುವ ಸಾಲು ಮುಂದಿನ ಪುಟದಲ್ಲಿತ್ತು.

ಅಪ್ಪ ಬೈಯಲಿಲ್ಲ. ಸಸಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿ, "ನೀನು ಪುಸ್ತಕ ಓದಿದ್ದೀಯ ಸರಿ. ಗಿಡ ಓದಿರಲಿಲ್ಲ ನೋಡು" ಎಂದರು. ಅತ್ತಿಗೆ ಕಿಟಕಿಯಿಂದ ಕೇಳಿಸಿಕೊಂಡು ನಕ್ಕದ್ದೇ ನಕ್ಕದ್ದು. ಆಮೇಲೆ ಅಜ್ಜಿ ಗದರಿದರು, ಹೊಟ್ಟೆ ಅಲುಗುವಂತೆ ನಗಬಾರದಂತೆ.

೪ ಅಕ್ಟೋಬರ್

ಬೆಳಿಗ್ಗೆ ಅತ್ತಿಗೆಗೆ ರಕ್ತ ಕಾಣಿಸಿಕೊಂಡಿತು. ಅಣ್ಣ ಪಾಳಿಯಲ್ಲಿದ್ದ. ಎದುರು ರಸ್ತೆಯ ಟ್ಯಾಕ್ಸಿ ಹಿಡಿದು ನಾನೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅತ್ತಿಗೆ ನನ್ನ ಮಣಿಕಟ್ಟು ಹಿಡಿದಿದ್ದರು.

ಮಗು ಇದೆ. ಎದೆಬಡಿತ ನನಗೂ ಕೇಳಿಸಿದರು. ಕುದುರೆ ಓಡಿದ ಹಾಗೆ.

ವಾಪಸ್ಸು ಬಂದು ಮಲಗಿದ ಮೇಲೆ ಅತ್ತಿಗೆ ಹೇಳಿದರು: "ಯೋಗಿ, ಅಜ್ಜಿ ಹೇಳೋದ್ರಲ್ಲಿ ನಂಗೂ ನಂಬಿಕೆ ಇಲ್ಲ. ಆದ್ರೆ ಸುಮ್ನೆ ಮಲ್ಕೊಂಡು ಹೊಟ್ಟೆ ಮೇಲೆ ಕೈ ಇಟ್ಕೊಂಡು, ಇದೆಯಾ ಹೋಯ್ತಾ ಅಂತ ಕಾಯೋದಿದ್ಯಲ್ಲ, ಅದು ನನ್ ಕೈಲಾಗ್ತಿಲ್ಲ. ಕೈಗೆ ಏನಾದ್ರೂ ಕೊಡು. ಮಲ್ಕೊಂಡೇ ಹೊಲೀತೀನಿ."

ನಾನು ಬಹಳ ಯೋಚಿಸಿದೆ. ಇದನ್ನು ಬಟ್ಟೆ ಸಂಗ್ರಹ ಅಭಿಯಾನ ಎಂದು ನೋಡಿದರೆ ತತ್ವಕ್ಕೆ ಧಕ್ಕೆಯಿಲ್ಲ. ಹಳೆ ಬಟ್ಟೆಯ ಮರುಬಳಕೆ, ಸಾಮೂಹಿಕ ದುಡಿಮೆ. ನಾಡಿದ್ದು ಹೊರಡುತ್ತೇನೆ. ಬೇಡುವುದಂತೂ ಇಲ್ಲ.

೭ ಅಕ್ಟೋಬರ್

ಬೆಳಗಿನ ಸಂತೋಷ, ಸಂಜೆಯ ಅವಮಾನ ಎರಡನ್ನೂ ಬರೆಯುತ್ತೇನೆ.

ನಿನ್ನೆ, ಇವತ್ತು ಎರಡೂ ದಿನ ಬೀದಿ ಸುತ್ತಿದೆ. ಮನುಷ್ಯನ ಘನತೆಗೆ ಕುಂದಿಲ್ಲದ ಉಪಾಯವೊಂದನ್ನು ನಾನೇ ಕಂಡುಕೊಂಡಿದ್ದೆ. ಪ್ರತಿ ಮನೆಯಲ್ಲೂ ಒಂದು ಹಳೇ ಬಟ್ಟೆ ಪಡೆದು, ಬದಲಿಗೆ ಒಂದು 'ಮೌಢ್ಯದ ಬೇಲಿ ದಾಟಿ' ಕೊಡುವುದು. ಬಟ್ಟೆಯೂ ಬಂತು, ವಿಚಾರವೂ ಹರಡಿತು. ಪಕ್ಕದ ಮನೆಯ ಪುಷ್ಪಮ್ಮ ಒಂದು ಹಸಿರು ಸೀರೆ ಕೊಟ್ಟರು. ಮೂಲೆಯಲ್ಲಿ ಹೂ ಮಾರುವ ಕಾಳಮ್ಮ ಮಗಳ ಶಾಲೆಯ ಲಂಗ ಕೊಟ್ಟಳು. ಎದುರು ಮನೆಯ ಜಯಪ್ಪನ ಬಾಗಿಲಿಗೆ ಮಾತ್ರ ಹೋಗಲಿಲ್ಲ. ಕಳೆದ ವರ್ಷ ಅವರ ಗಣೇಶನ ಮೈಕಿನ ಮೇಲೆ ಪೊಲೀಸರಿಗೆ ದೂರು ಕೊಟ್ಟವನು ನಾನು. ಅಂದಿನಿಂದ ನನ್ನನ್ನು 'ಕಂಪ್ಲೇಂಟ್ ಸಾಹೇಬ್ರು' ಎಂದೇ ಕರೆಯುತ್ತಾರೆ.

ಗಂಟು ತಂದು ಅಜ್ಜಿಯ ಮುಂದೆ ಬಿಚ್ಚಿದೆ. ಅಜ್ಜಿ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ನೋಡಿ ಹಿಗ್ಗಿದರು. ಆಮೇಲೆ, "ಏನಂತ ಬೇಡ್ದೆ?" ಎಂದು ಕೇಳಿದರು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ.

ಅಜ್ಜಿಯ ಕೈ ಹಾಗೇ ನಿಂತಿತು.

"ಕೊಟ್ಟು ತಂದ್ಯಾ?"

"ಹೌದಜ್ಜಿ, ವಿನಿಮಯ."

"ವಿನಿಮಯ ಅಂತೆ! ಹಳೇ ಸೀರೆ ತಗೊಂಡು ಸ್ಟೀಲ್ ಲೋಟ ಕೊಡೋ ಪಾತ್ರೆಯೋಳು ಬರ್ತಾಳಲ್ಲ, ಅವಳಿಗೂ ನಿಂಗೂ ಏನೋ ವ್ಯತ್ಯಾಸ? ಇದು ವ್ಯಾಪಾರದ ಬಟ್ಟೆ. ಲೆಕ್ಕ ಚುಕ್ತಾ ಆಗಿಹೋಯ್ತು. ಕೊಟ್ಟೋರಿಗೂ ಕೂಸಿಗೂ ಇನ್ನೇನು ನಂಟು?" ಎಂದು ಗಂಟನ್ನು ಜಗಲಿಗೆ ನೂಕಿಬಿಟ್ಟರು. "ಹೋಗು, ಅವರವರದ್ದು ಅವರವರಿಗೆ ಕೊಟ್ಟು ಬಾ. ಆಮೇಲೆ ಖಾಲಿ ಕೈಯಲ್ಲಿ ಹೋಗಿ ಬೇಡು. ಬೇಡೋನ ಕೈಯಲ್ಲಿ ಏನೂ ಇರಬಾರದು. ಬಾಯಲ್ಲಿ ಭಾಷಣನೂ ಇರಬಾರದು. ಹಾಲಮ್ಮನ ಮನೇನ ಯಾಕೆ ಬಿಟ್ಟೆ? ಹೆತ್ತ ಏಳೂ ಉಳಿದಿರೋ ತಾಯಿ. ಅವಳ ಬಟ್ಟೆ ಇಲ್ದೆ ಕೌದಿ ಎಂಥದು?"

ಹಾಲಮ್ಮ ಎಂದರೆ ಜಯಪ್ಪನ ಹೆಂಡತಿ.

ಆಗುವುದಿಲ್ಲ ಎಂದೆ. ಇದು ನನ್ನ ಕೊನೆಯ ಮಾತು.

೯ ಅಕ್ಟೋಬರ್

ಗಂಟು ಜಗಲಿಯಲ್ಲೇ ಇದೆ. ಅಜ್ಜಿ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಹಂಚಿನ ತಮಾಷೆಯೂ ಇಲ್ಲ. ಊಟದ ತಟ್ಟೆ ಹೇಗೆ ಕೊಟ್ಟೆನೋ ಹಾಗೇ ಬಂತು. ಸಾರು ಇವತ್ತು ಚೆನ್ನಾಗೇ ಆಗಿತ್ತು.

೧೨ ಅಕ್ಟೋಬರ್, ಭಾನುವಾರ

ಹೋದೆ.

ಮೊದಲು ಎಲ್ಲರ ಬಟ್ಟೆ ಹಿಂದಕ್ಕೆ ಕೊಟ್ಟೆ. ಕರಪತ್ರ ವಾಪಸ್ಸು ಕೇಳಲಿಲ್ಲ. ಕೇಳಿದ್ದರೂ ಸಿಗುತ್ತಿರಲಿಲ್ಲ. ಪುಷ್ಪಮ್ಮ, "ನಿನ್ ಪೇಪರ್ ಭಾರೀ ಉಪಯೋಗಕ್ಕೆ ಬಂತು ಕಣಪ್ಪ, ಪಂಚಾಂಗಕ್ಕೆ ರಟ್ಟು ಹಾಕಿದೀನಿ" ಎಂದರು. ಕಾಳಮ್ಮ, "ಏನ್ ತಂಬಿ, ಇವತ್ತು ಪೇಪರ್ ಇಲ್ವಾ? ಅದ್ರಲ್ಲಿ ಹೂ ಕಟ್ಟಿ ಕೊಟ್ರೆ ಬಾಡಲ್ಲ. ಇನ್ನೊಂದು ಕಟ್ಟು ಕೊಡು" ಎಂದಳು.

ಆಮೇಲೆ ಅಪ್ಪನ ಟವೆಲ್ ಹೆಗಲಿಗೆ ಹಾಕಿಕೊಂಡು ಮತ್ತೆ ಅದೇ ಬಾಗಿಲುಗಳಿಗೆ ಹೋದೆ. ಪುಷ್ಪಮ್ಮನ ಮುಂದೆ ಟವೆಲ್ ಒಡ್ಡಿದೆ. ಅವರು ನೋಡಿದರು, ಏನೂ ಕೇಳದೆ ಒಳಗೆ ಹೋಗಿ ಆ ಹಸಿರು ಸೀರೆ ಬಿಟ್ಟು ಬೇರೊಂದನ್ನು ತಂದರು. ಮದುವೆಯ ಮರುವರ್ಷದ್ದಂತೆ. "ಮೊನ್ನೆ ಕೊಟ್ಟಿದ್ದು ನೆಲ ಒರೆಸೋಕೆ ಇಟ್ಟಿದ್ದು ಕಣೋ. ನೀನು ಪೇಪರ್ ಕೊಡ್ತಿದ್ಯಲ್ಲ, ಅದಕ್ಕೆ ಅಷ್ಟು ಸಾಕು ಅನ್ನಿಸ್ತು."

ಎಲ್ಲ ಮನೆಯಲ್ಲೂ ಹೀಗೇ ಆಯಿತು. ಮೊದಲಿಗಿಂತ ಒಳ್ಳೆಯ ಬಟ್ಟೆಗಳು ಬಂದವು. ಕಾಳಮ್ಮ ಈ ಸಲ ಮಗಳ ಹಬ್ಬದ ಲಂಗ ಹಾಕಿದಳು. ಇದರ ಅರ್ಥಶಾಸ್ತ್ರ ನನಗೆ ಇನ್ನೂ ತಿಳಿದಿಲ್ಲ.

ಕೊನೆಗೆ ಜಯಪ್ಪನ ಮನೆ. ಅವರು ಜಗಲಿಯ ಮೇಲೆ ಕುಳಿತು ಕಾಲಿನ ಉಗುರು ತೆಗೆಯುತ್ತಿದ್ದರು.

"ಬರ್ರಿ ಕಂಪ್ಲೇಂಟ್ ಸಾಹೇಬ್ರೆ! ಇವತ್ತು ಯಾವುದರ ಮೇಲೆ? ನನ್ನ ಉಗುರು ಸದ್ದು ಮಾಡ್ತಿದೆಯಾ?"

ನಾನು ಟವೆಲ್ ಒಡ್ಡಿದೆ.

"ಏನಿದು? ಚಂದಾ ಎತ್ತೋಕೆ ಬಂದ್ರಾ? ನಮ್ ಗಣೇಶನಿಗೆ ಚಂದಾ ಕೇಳಿದಾಗ ಏನಂದ್ರಿ? ಶೋಷಣೆ ಅಂದ್ರಿ. ಈಗ ಬಾಯಿಬಿಟ್ಟು ಕೇಳ್ರಿ ನೋಡನ."

ಹೇಳಬೇಕೆಂದುಕೊಂಡ ವಾಕ್ಯವೊಂದಿತ್ತು. ನೆರೆಹೊರೆಯ ಸಹಬಾಳ್ವೆ ಎಂದು ಶುರುವಾಗುತ್ತಿತ್ತು. ಬಾಯಿಗೆ ಬರಲಿಲ್ಲ. "ಅತ್ತಿಗೆ ಮಗು ಉಳೀಬೇಕು. ಒಂದು ಹಳೇ ಬಟ್ಟೆ ಹಾಕ್ರಿ" ಎಂದೆ. ನನ್ನ ದನಿ ನನ್ನದೇ ಎಂದು ಅನ್ನಿಸಲಿಲ್ಲ.

ಜಯಪ್ಪ ಉಗುರು ಕತ್ತರಿ ಕೆಳಗಿಟ್ಟು, "ಹಾಲೀ, ಬಾರೆ ಇಲ್ಲಿ" ಎಂದು ಒಳಗೆ ಕೂಗಿದರು. ಹಾಲಮ್ಮ ತಂದದ್ದು ಬಾಣಂತನಗಳಲ್ಲೆಲ್ಲ ಉಟ್ಟ ಮೆತ್ತನೆಯ ನೂಲಿನ ಸೀರೆ. ಏಳು ಮಕ್ಕಳ ಹಾಲಿನ ಕಲೆ ಅದರಲ್ಲಿದೆಯಂತೆ. ಅವರು ಅದನ್ನು ಹಾಕಿದ ಮೇಲೆ ನಾನು ತಿರುಗುವಷ್ಟರಲ್ಲಿ ಜಯಪ್ಪ, "ನಿಂತ್ಕೋ ಮಾರಾಯ" ಎಂದು ಒಳಗೆ ಹೋಗಿ ತಮ್ಮ ಚೌಕಳಿ ಲುಂಗಿಯೊಂದನ್ನು ತಂದು ಟವೆಲಿಗೆ ಹಾಕಿದರು. "ಇದು ನಡುಮಧ್ಯ ಬರಬೇಕು. ಮೂಲೆಗೆ ಗೀಲೆಗೆ ಹಾಕಿದ್ರೆ ನಾನೂ ಕಂಪ್ಲೇಂಟ್ ಕೊಡ್ತೀನಿ."

ಧನ್ಯವಾದ ಹೇಳಬಾರದೆಂದು ನಾನು ಹೊರಡುವಾಗ ಅಜ್ಜಿ ಮಾತು ಬಿಟ್ಟದ್ದನ್ನು ಮರೆತು ಎಚ್ಚರಿಸಿದ್ದರು. ಹೇಳಲಿಲ್ಲ.

೧೬ ಅಕ್ಟೋಬರ್, ಭೂಮಿ ಹುಣ್ಣಿಮೆ

ಭೂಮಿ ಬಸುರಿಯೆಂದು ಅವಳಿಗೆ ಬಯಕೆಯ ಅಡುಗೆ ಬಡಿಸುವ ಹಬ್ಬ. ನಮಗೆ ಗದ್ದೆಯಿಲ್ಲ, ಹಿತ್ತಲೇ ಸಾಕೆಂದು ಅಪ್ಪ ಪ್ರತಿ ವರ್ಷ ಮಾಡುತ್ತಾರೆ. ಮುಂಜಾನೆ ಅವರೊಂದಿಗೆ ಹೋಗಿ ಬೇಲಿಸಾಲಿನಲ್ಲಿ ಸಿಕ್ಕ ಸೊಪ್ಪನ್ನೆಲ್ಲ ಕಿತ್ತು ತಂದೆ. ನಾನೇ ಬೇಯಿಸಿದೆ. ಮೊದಲ ತುತ್ತು ಮಣ್ಣಿಗೆ, ಎರಡನೆಯದು ಅತ್ತಿಗೆಗೆ.

"ಹುಣಿಸೆಹಣ್ಣು?" ಎಂದರು ಅತ್ತಿಗೆ.

"ಕೊನೆಗೆ ಹಾಕಿದೆ."

ಎರಡು ಸಲ ಬಡಿಸಿಕೊಂಡರು. ಆರನೇ ತಿಂಗಳು ನಡೆಯುತ್ತಿದೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿಲ್ಲ. ಮನೆಯವರೆಲ್ಲ ನಡೆಯುವಾಗ ಮಾತ್ರ ಕಾಲು ಮೆತ್ತಗೆ ಇಡುತ್ತಿದ್ದೇವೆ.

೩ ನವೆಂಬರ್

ದೀಪಾವಳಿ ಮುಗಿಯಿತು. ಕೌದಿ ಒಂದು ಮೊಳ ಆಗಿದೆ.

ಕೆಲಸ ಹೀಗೆ ಸಾಗುತ್ತದೆ. ಅತ್ತಿಗೆ ಎಡಮಗ್ಗುಲಾಗಿ ಮಲಗಿಕೊಂಡೇ ತುಂಡುಗಳನ್ನು ಕತ್ತರಿಸಿ ಅಂಚು ಮಡಿಸಿ ಕೊಡುತ್ತಾರೆ. ನಾನು ನೆಲದ ಮೇಲೆ ಪದರ ಹಾಸಿ ಸಾಲು ಎಳೆಯುತ್ತೇನೆ. ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರಬೇಕು. ಅಜ್ಜಿಗೆ ಕಣ್ಣು ಕಾಣದು. ಬೆರಳಿನಿಂದ ಸಾಲು ಸವರಿ, "ಇಲ್ಲಿ ನಿನ್ನ ಮನಸ್ಸು ಎಲ್ಲೋ ಹೋಗಿತ್ತು, ಬಿಚ್ಚು" ಎನ್ನುತ್ತಾರೆ. ಪ್ರತಿ ಸಲವೂ ಸರಿಯಾಗಿಯೇ ಹೇಳುತ್ತಾರೆ. ನಿನ್ನೆ ಅವರು ಕೈಯಿಟ್ಟ ಜಾಗವನ್ನು ಹೊಲಿಯುವಾಗ ನಾನು ಜಾಗತೀಕರಣದ ಬಗ್ಗೆ ಯೋಚಿಸುತ್ತಿದ್ದೆ.

ಅಣ್ಣ ಪಾಳಿ ಮುಗಿಸಿ ಬಂದವನು ಬಾಗಿಲಲ್ಲಿ ನಿಂತು ನೋಡಿ, "ಕೊಡಿಲ್ಲಿ, ನಾನೂ ಒಂದು ಸಾಲು ಹಾಕ್ತೀನಿ" ಎಂದ. ಕಬ್ಬಿಣ ಹಿಡಿಯುವ ಕೈಯಲ್ಲಿ ಸೂಜಿ ಮುರಿಯಿತು. ಎರಡನೆಯದೂ ಮುರಿಯಿತು. "ನೀನು ದಾರ ಪೋಣಿಸಿ ಕೊಡು ಸಾಕು" ಎಂದರು ಅತ್ತಿಗೆ. ಕುಳಿತು ಪೋಣಿಸಿಕೊಟ್ಟ. ಅತ್ತಿಗೆ ಈಚೆಗೆ ಗೋಡೆಯ ಕಡೆ ತಿರುಗುವುದಿಲ್ಲ. ಆ ಕಡೆ ಬಟ್ಟೆಯ ರಾಶಿ ಇರುವುದರಿಂದ ಜಾಗವೂ ಇಲ್ಲ.

ಹೊಸ ಸೂಜಿ ತರಬೇಕು. ಮೆಣಸಿನ ಸಸಿ ಚಿಗುರಿದೆ.

೨೩ ನವೆಂಬರ್, ಭಾನುವಾರ

"ನೀವು ಮೂರೂ ಜನ ನನ್ನ ಮುಖ ನೋಡ್ಕೊಂಡು ಕೂತ್ರೆ ನಂಗೇ ಉಸಿರು ಕಟ್ಟುತ್ತೆ. ಎಲ್ಲಾದ್ರೂ ಹೋಗಿ ಬರ್ರಿ" ಎಂದು ಅತ್ತಿಗೆ ಅಪ್ಪಣೆ ಮಾಡಿದರು. ಅಣ್ಣನಿಗೆ ರಜೆಯಿದ್ದುದರಿಂದ ಅವನನ್ನು ಮನೆಯಲ್ಲಿ ಬಿಟ್ಟು, ಅಪ್ಪ, ಅಜ್ಜಿ ಮತ್ತು ನಾನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೊರಟೆವು. ಕಾರ್ತಿಕದಲ್ಲಿ ಮರದ ಕೆಳಗೆ ಊಟ ಮಾಡಬೇಕೆಂದು ಅಜ್ಜಿಯ ಆಸೆ. ಬುತ್ತಿಗೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ನೋಡಿದ್ದನ್ನೆಲ್ಲ ಬಂದು ವರದಿ ಮಾಡಬೇಕೆಂಬ ಷರತ್ತು ಇತ್ತು.

ಸಫಾರಿಯ ಬಸ್ಸಿನಲ್ಲಿ ಅಜ್ಜಿಗೆ ಕಿಟಕಿಯ ಸೀಟು. ಸಿಂಹ ಪೊದೆಯ ನೆರಳಲ್ಲಿ ಪಕ್ಕಕ್ಕೆ ಮಲಗಿತ್ತು. ಡ್ರೈವರ್ ಎಷ್ಟು ನಿಲ್ಲಿಸಿದರೂ ಏಳಲಿಲ್ಲ. ಅಜ್ಜಿಗೆ ಹಳದಿ ರಾಶಿಯೊಂದು ಕಂಡಿತಷ್ಟೆ.

"ಏಳ್ತಿಲ್ವೇನೋ?"

"ಇಲ್ಲಜ್ಜಿ."

"ಅದಕ್ಕೂ ಡಾಕ್ಟ್ರು ಬೆಡ್ ರೆಸ್ಟ್ ಹೇಳಿದಾರಾ?"

ಬಸ್ಸೆಲ್ಲ ನಕ್ಕಿತು. ಹುಲಿ ಮಾತ್ರ ಎದ್ದು ಬಸ್ಸಿನ ಪಕ್ಕದಲ್ಲೇ ಹಾದುಹೋಯಿತು. ಆಗ ನನ್ನ ತೊಡೆಯ ಮೇಲೆ ಕಾಳಮ್ಮನ ಮಗಳ ಲಂಗದ ತುಂಡಿತ್ತು, ಅಂಚು ಮಡಿಸುತ್ತಿದ್ದೆ. ಬಾಯಲ್ಲಿ ದಾರವಿದ್ದುದರಿಂದ ಅಪ್ಪನಿಗೆ ಹುಲಿ ತೋರಿಸಲು ಆಗಲಿಲ್ಲ. ಎದುರು ಸೀಟಿನ ಹೆಂಗಸೊಬ್ಬರು, "ಸಾಲು ಚೆನ್ನಾಗಿ ಬರ್ತಿದೆ. ಟೈಲರ್ರಾ?" ಎಂದು ಕೇಳಿದರು. ಅಲ್ಲ ಎಂದೆ. ಏನು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆಗೆ ಬಂದು ವರದಿ ಒಪ್ಪಿಸಿದೆವು. ಸಿಂಹದ ಮಾತು ಕೇಳಿ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ತಟ್ಟನೆ ನಿಲ್ಲಿಸಿದರು. ನಾವೆಲ್ಲ ಗಾಬರಿಯಾಗಿ ಎದ್ದು ನಿಂತೆವು.

"ಏನಿಲ್ಲ. ಒದೀತಿದೆ. ಇದಕ್ಕೂ ನಗು ಬಂತು ಅನ್ಸುತ್ತೆ."

೧೧ ಡಿಸೆಂಬರ್

ಮಧು ಬಂದಿದ್ದ. ಶಿವಮೊಗ್ಗದಲ್ಲಿ ಜಿಲ್ಲಾ ಯುವ ಸಮಾವೇಶವಂತೆ. ಮೌಢ್ಯವಿರೋಧಿ ಗೋಷ್ಠಿಯಲ್ಲಿ ನಾನೇ ಮೊದಲು ಮಾತಾಡಬೇಕಂತೆ. ದಿನಾಂಕ ಕೇಳಿದೆ. ಅಂದು ಅತ್ತಿಗೆಯ ತಪಾಸಣೆಗೆ ಡಾಕ್ಟರೇ ಮನೆಗೆ ಬರುತ್ತಾರೆ, ಅವರೆಕಾಳು ಬೇರೆ ಸುಲಿಯಬೇಕು, ಆಗುವುದಿಲ್ಲ ಎಂದೆ.

"ಅವರೆಕಾಳಾ?" ಎಂದ ಮಧು.

"ಸೊಗಡು ಇರೋದು ಈಗ್ಲೇ ಕಣೋ. ಸಂಕ್ರಾಂತಿ ಕಳೆದ್ರೆ ಮುಗೀತು."

ಅವನು ನನ್ನ ಕೈಯಲ್ಲಿದ್ದ ಸೂಜಿಯನ್ನೂ ನನ್ನನ್ನೂ ನೋಡಿ, ಚಹಾ ಪೂರ್ತಿ ಕುಡಿಯದೆ ಹೊರಟ. ಏನೋ ಬೇಜಾರಾದಂತಿತ್ತು. ಅವನ ಮನೆಯಲ್ಲಿ ಏನಾದರೂ ತೊಂದರೆಯೋ ಏನೋ, ವಿಚಾರಿಸಬೇಕು.

೪ ಜನವರಿ ೧೯೯೮

ಕೌದಿ ಮುಗಿಯಿತು, ಒಂದು ಮೂಲೆ ಬಿಟ್ಟು. ಆ ಮೂಲೆಯನ್ನು ಕೂಸು ಬಂದ ಮೇಲೆಯೇ ಹೊಲಿಯಬೇಕಂತೆ. ಏಕೆ ಎಂದು ನಾನು ಕೇಳಲಿಲ್ಲ. ಜಯಪ್ಪನ ಲುಂಗಿ ನಡುಮಧ್ಯ ಬಂದಿದೆ. ಹಾಲಮ್ಮನ ಸೀರೆ ಎಲ್ಲಕ್ಕಿಂತ ಒಳಗಿನ ಪದರ.

ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಮೂರು ವಾರವಿದೆ.

೬ ಜನವರಿ

ನಿನ್ನೆ ಬೆಳಿಗ್ಗೆ ನೋವು ಶುರುವಾಯಿತು. ಶಿವಮೊಗ್ಗಕ್ಕೆ ಬಂದೆವು. ಮಧ್ಯಾಹ್ನ ಹೆಣ್ಣುಮಗು. ತೂಕ ಕಡಿಮೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅತ್ತಿಗೆ ಚೆನ್ನಾಗಿದ್ದಾರೆ. ಅಣ್ಣ ಗೋಡೆಗೆ ಹಣೆಯಿಟ್ಟು ನಿಂತಿದ್ದಾನೆ. ಏನೂ ಹೇಳಲಾಗದು ಎಂದರು ಡಾಕ್ಟರು.

ಮತ್ತೇನೂ ಬರೆಯಲಾರೆ.

೮ ಜನವರಿ

ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಕೊನೆಯ ಮೂಲೆ ಹೊಲಿದೆ. ಹೊಲಿಗೆ ಸೊಟ್ಟಗಿತ್ತು. ಅಜ್ಜಿ ಸವರಿ ನೋಡಿದರು, ಬಿಚ್ಚು ಎನ್ನಲಿಲ್ಲ.

ಜನ್ನಾಪುರದ ನಮ್ಮ ಬೀದಿಯಿಂದ ಪುಷ್ಪಮ್ಮ, ಕಾಳಮ್ಮ, ಹಾಲಮ್ಮ ಮೂವರೂ ಬಸ್ಸಿನಲ್ಲಿ ಬಂದಿದ್ದರು. ನರ್ಸಮ್ಮ, ಮನೆಯವರಿಗಷ್ಟೇ ಪ್ರವೇಶ ಎಂದರು. "ನಾವು ಮನೆಯೋರೇ" ಎಂದರು ಹಾಲಮ್ಮ. "ಮೂರೂ ಜನಾನಾ?" "ಇನ್ನೂ ಇದೀವಿ, ಬಸ್ಸಲ್ಲಿ ಸೀಟ್ ಸಿಗ್ಲಿಲ್ಲ." ನರ್ಸಮ್ಮ ಒಳಗೆ ಬಿಟ್ಟರು.

ಮೂವರೂ ಗಾಜಿಗೆ ಮೂಗು ಒತ್ತಿ ನಿಂತದ್ದನ್ನು ನೋಡಿದೆ. ಅವರ ಹಿಂದೆ ನಿಂತಾಗ ಮೊದಲ ಸಲ ಹಸಿವಾಯಿತು.

೨೦ ಜನವರಿ

ಪೆಟ್ಟಿಗೆಯಿಂದ ಹೊರಗೆ ತೆಗೆದು ದಿನಗಳಾದವು. ಹಾಲು ಕುಡಿಯುತ್ತಿದೆ. ಇವತ್ತು ಮನೆಗೆ ಕರೆತಂದೆವು. ಕೌದಿಯ ಮೇಲೆ ಮಲಗಿಸಿದೆವು. ಬೆರಳಿನಷ್ಟು ಉದ್ದದ ಆಕಳಿಕೆ ತೆಗೆಯಿತು!

ಅತ್ತಿಗೆ ಹೊಸ್ತಿಲಾಚೆ ಕಾಲಿಟ್ಟು, ಹಿತ್ತಲಿಗೆ ನಡೆದು ಹೋಗಿ, ಮೆಣಸಿನ ಗಿಡದಲ್ಲಿದ್ದ ಕಾಯಿ ಮುಟ್ಟಿ ಬಂದರು. ನಡೆದೇ ಹೋದರು.

೮ ಫೆಬ್ರವರಿ, ಭಾನುವಾರ

ನಾಮಕರಣ. ಬೆನ್ನು ನೋಯುತ್ತಿರುವುದರಿಂದ ಬೋರಲು ಮಲಗಿಕೊಂಡು ಬರೆಯುತ್ತಿದ್ದೇನೆ.

ಹೆಸರಿಗಾಗಿ ನಾನು ಕ್ರಾಂತಿ, ಸಮತಾ, ಜನವಾಣಿ ಎಂದು ಸೂಚಿಸಿದ್ದೆ. "ಇದು ಮಗುನೋ ಮಾಸಪತ್ರಿಕೆನೋ?" ಎಂದರು ಅತ್ತಿಗೆ. ಕೊನೆಗೆ ನಾವಿಬ್ಬರೂ ಒಂದು ಹೆಸರಿಗೆ ಒಪ್ಪಿ ಗುಟ್ಟಾಗಿಟ್ಟೆವು.

ಬೀದಿಯ ಹೆಂಗಸರೆಲ್ಲ ಬೆಳಿಗ್ಗೆಯೇ ಬಂದು ಕೌದಿಯಲ್ಲಿ ತಮ್ಮ ತಮ್ಮ ತುಂಡು ಹುಡುಕತೊಡಗಿದರು. "ಇದು ನಂದು", "ಸರಿಯಾಗಿ ನೋಡ್ರಿ, ಅದು ನಂದು" ಎಂದು ಗಲಾಟೆ. ಕೂಸು ಉಚ್ಚೆ ಹೊಯ್ದದ್ದು ಸರಿಯಾಗಿ ಲುಂಗಿಯ ತುಂಡಿನ ಮೇಲೆ. ಜಯಪ್ಪ ಬಾಗಿಲಲ್ಲೇ ನಿಂತು, "ನೋಡ್ರಿ, ನೋಡ್ರಿ, ಯಾರ ಮನೆ ಕೂಸು ಅಂತ ಅದಕ್ಕೇ ಗೊತ್ತು" ಎಂದು ಎಲ್ಲರನ್ನೂ ಕರೆದು ತೋರಿಸಿದರು.

ತೊಡಕು ಬಂದದ್ದು ಆಮೇಲೆ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದು ರೂಢಿ. ನಮಗೆ ಅಕ್ಕತಂಗಿಯರಿಲ್ಲ. ದಾವಣಗೆರೆಯಿಂದ ಬರಬೇಕಿದ್ದ ಚಿಕ್ಕಪ್ಪನ ಮಗಳಿಗೆ ಜ್ವರ.

"ಯೋಗಿ ಇದಾನಲ್ಲ" ಎಂದರು ಅತ್ತಿಗೆ.

"ಗಂಡಸು ಅತ್ತೆ ಆಗೋದುಂಟಾ?" ಎಂದು ಜಯಪ್ಪ ಬಾಗಿಲಿಂದ ಕೂಗಿದರು. ನಾನು ಎದ್ದು, ಸಂಬಂಧಗಳನ್ನು ಸಮಾಜವೇ ಹೆಣ್ಣು ಗಂಡು ಎಂದು ವಿಂಗಡಿಸಿದೆ ಎಂದು ಶುರು ಮಾಡಿದೆ. ಅಜ್ಜಿ ನನ್ನ ಪಂಚೆ ಹಿಡಿದು ಎಳೆದು ಕೂರಿಸಿದರು.

"ಭಾಷಣ ಬೇಡ. ಅತ್ತೆ ಅಂದ್ರೆ ಹೆಸರು ಹೇಳೋಳು ಅಷ್ಟೇ ಅಲ್ಲ, ಗುದ್ದು ತಿನ್ನೋಳು. ತಿಂತೀಯಾ?"

"ತಿಂತೀನಿ."

"ಹಂಗಾದ್ರೆ ಬಗ್ಗು."

ತೊಟ್ಟಿಲ ಮೇಲೆ ಬಗ್ಗಿದೆ. ಅಷ್ಟು ಸಣ್ಣ ಕಿವಿಗೆ ಎಷ್ಟು ಗಟ್ಟಿಯಾಗಿ ಹೇಳಬೇಕೆಂದು ತಿಳಿಯಲಿಲ್ಲ. ವೇದಿಕೆಯಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು ನನ್ನದು. ಸ್ಫೂರ್ತಿ ಎಂದೆ. ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವಷ್ಟರಲ್ಲಿ ಗುದ್ದುಗಳ ಮಳೆ ಶುರುವಾಯಿತು. ನಾನು ಟವೆಲ್ ಒಡ್ಡಿದ್ದ ಮನೆಗಳೆಲ್ಲ ಅಲ್ಲಿದ್ದವು. "ಇದು ಸೀರೆಗೆ!" "ಇದು ಲಂಗಕ್ಕೆ ತಂಬಿ!" "ಇದು ನಮ್ಮ ಮೈಕಿಗೆ!"

ಮುಗಿದ ಮೇಲೆ ಹಾಲಮ್ಮ, "ಸಾಕು, ಏಳಪ್ಪ" ಎಂದರು. ಏಳಲು ಆಗಲಿಲ್ಲ. ಕೂಸಿನ ಮುಷ್ಟಿಯಲ್ಲಿ ನನ್ನ ಗಡ್ಡ ಸಿಕ್ಕಿಕೊಂಡಿತ್ತು. ಅಣ್ಣ ಬಿಡಿಸಲು ಬಂದ.

"ಬಿಡಿಸಬೇಡ. ಅದಾಗೇ ಬಿಡ್ಲಿ" ಎಂದರು ಅತ್ತಿಗೆ.

ಅದಕ್ಕೇನೂ ಅವಸರವಿರಲಿಲ್ಲ. ಕೂಸಿನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ನಾನು ಹಾಗೇ ಬಗ್ಗಿಕೊಂಡಿದ್ದೆ. ಆಗ ಹಿಂದಿನಿಂದ ಇನ್ನೊಂದು ಗುದ್ದು ಬಿತ್ತು. ತಿರುಗಿ ನೋಡಲು ಸಾಧ್ಯವಿರಲಿಲ್ಲ. ಆದರೂ ಕೈಯ ಭಾರದಲ್ಲೇ ಗೊತ್ತಾಯಿತು, ಅದು ಹೆಂಗಸರದಲ್ಲ, ಜಯಪ್ಪನದು.